ಆ ಕಾಲಂನಲ್ಲಿ ನಾನು ತುಂಬಿದ ಸೊನ್ನೆ

ಕರ್ನಾಟಕ ಸರ್ಕಾರದ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ, ಸಮಗ್ರ ಶಿಕ್ಷಣದ ವಾರ್ಷಿಕ ಯೋಜನೆ ಸಿದ್ಧಪಡಿಸುವ ಎಲ್ಲ ಅಧಿಕಾರಿಗಳಿಗೆ

ಮಾನ್ಯರೇ,

2018ರ ಸೆಪ್ಟೆಂಬರ್ ಕೊನೆಯ ವಾರ. ಮಕ್ಕಳು ಮನೆಗೆ ಹೋದ ಮೇಲೆ ಒಬ್ಬಳೇ ಕೂತು ಯು-ಡೈಸ್ ನಮೂನೆ, ಅಂದರೆ ದೇಶದ ಶಾಲೆಗಳೆಲ್ಲ ವರ್ಷಕ್ಕೊಮ್ಮೆ ಕೊಡುವ ಅಂಕಿಅಂಶದ ಪಟ್ಟಿ, ತುಂಬುತ್ತಿದ್ದೆ. ಮುಖ್ಯ ಶಿಕ್ಷಕರು ನಿವೃತ್ತರಾಗಿ ಶಾಲೆಯ ಪ್ರಭಾರ ನನ್ನ ಹೆಗಲಿಗೆ ಬಿದ್ದ ಮೊದಲ ವರ್ಷ ಅದು. ಕೊಠಡಿ ಎಷ್ಟು, ಶೌಚಾಲಯ ಎಷ್ಟು, ಅದರಲ್ಲಿ ನೀರು ಬರುವುದೆಷ್ಟು ಎಂದೆಲ್ಲ ಬರೆದು ಮುಗಿಸಿ ವಿಶೇಷ ಅಗತ್ಯವುಳ್ಳ ಮಕ್ಕಳ ಪಟ್ಟಿಗೆ ಬಂದೆ. ಶ್ರವಣದೋಷ, ಒಂದು. ದೃಷ್ಟಿದೋಷ, ಒಂದು. ಮುಂದಿನದು ‘ನಿರ್ದಿಷ್ಟ ಕಲಿಕಾ ನ್ಯೂನತೆ’, ಬುದ್ಧಿ ಸರಿಯಿದ್ದೂ ಓದು, ಬರಹ, ಲೆಕ್ಕ ಹತ್ತದ ತೊಂದರೆ. ಡಿಸ್ಲೆಕ್ಸಿಯಾ ಅದರಲ್ಲೊಂದು. ಪೆನ್ನು ತುಸು ತಡೆಯಿತು. ಪ್ರಮಾಣಪತ್ರವಿಲ್ಲದೆ ಸಂಖ್ಯೆ ಬರೆದರೆ ನಾಳೆ ದಾಖಲೆ ಕೇಳುತ್ತಾರೆ ಎಂದು ಸಭೆಯಲ್ಲಿ ಒಬ್ಬರು ಹೇಳಿದ್ದು ನೆನಪಾಯಿತು. ಸೊನ್ನೆ ಬರೆದೆ.

ನಾನು ಸೊನ್ನೆ ಬರೆದ ಆ ದಿನ ಏಳನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಒಂದನೇ ತರಗತಿಯಿಂದಲೂ ನಮ್ಮ ಶಾಲೆಯವನೇ. ತನ್ನ ಹೆಸರು, ಊರ ಹೆಸರು ಬಿಟ್ಟರೆ ಒಂದು ಸಾಲನ್ನು ತಡೆಯಿಲ್ಲದೆ ಓದಲು ಅವನಿಗೆ ಬರುತ್ತಿರಲಿಲ್ಲ. ಮುಂದಿನ ವರ್ಷಗಳಲ್ಲೂ, 2021ರಲ್ಲಿ ನಿವೃತ್ತಳಾಗುವವರೆಗೆ, ಆ ಕಾಲಂನಲ್ಲಿ ಸೊನ್ನೆಯನ್ನೇ ತುಂಬಿದೆ. ಈ ಪತ್ರ ಆ ಸೊನ್ನೆಯ ಬಗ್ಗೆ. ದೂರಿನಲ್ಲಿ ಮೊದಲ ಹೆಸರು ನನ್ನದೇ ಇರಲಿ, ನಿಮ್ಮ ಇಲಾಖೆಯದು ಆಮೇಲೆ ಬರುತ್ತದೆ.

ಹುಡುಗನನ್ನು ಮೊದಲು ಗಮನಿಸಿದ್ದು ಅವನು ನಾಲ್ಕನೇ ತರಗತಿಯಲ್ಲಿದ್ದಾಗ. ‘ಗಮನಿಸಿದ್ದು’ ಎಂಬುದು ದೊಡ್ಡ ಮಾತು, ಸಿಟ್ಟಿಗೆದ್ದಿದ್ದು ಎನ್ನಬೇಕು. ಪಾಠ ಓದು ಎಂದರೆ ಎದ್ದು ನಿಂತು ಗಟ್ಟಿ ದನಿಯಲ್ಲಿ ಇಡೀ ಪುಟ ಒಪ್ಪಿಸುತ್ತಿದ್ದ. ಒಂದು ದಿನ ಹಿಂದಿನಿಂದ ಬಂದು ನೋಡಿದರೆ ಬಾಯಿ ನಾಲ್ಕನೇ ಸಾಲಿನಲ್ಲಿದೆ, ಬೆರಳು ಎರಡನೆಯದರಲ್ಲಿದೆ. ಅವನ ಬೆರಳ ಕೆಳಗಿನ ಪದವನ್ನೇ ತೋರಿಸಿ ಇದೇನು ಎಂದೆ. ಸುಮ್ಮನಾದ. ಪಕ್ಕದವರು ಓದುವಾಗ ಕೇಳಿ ಕೇಳಿ ಪಾಠವನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಎರಡು ಸಲ ಕೇಳಿದ್ದನ್ನು ಅಕ್ಷರ ತಪ್ಪದೆ ಒಪ್ಪಿಸುವ ಮಗುವಿಗೆ ಬುದ್ಧಿ ಕಡಿಮೆ ಎನ್ನಲು ಬರುವುದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು. ನಾನು ಮಾಡಿದ್ದು ಕಿವಿ ಹಿಂಡಿದ್ದು, ‘ನನಗೇ ಮೋಸ ಮಾಡುತ್ತೀಯಾ’ ಎಂದಿದ್ದು.

ಅವನ ಉಕ್ತಲೇಖನದ ಪುಸ್ತಕ ನನ್ನ ಬಳಿ ಇನ್ನೂ ಇದೆ. ‘ಕತ್ತೆ’ ಎಂದರೆ ‘ಕತೆ’. ‘ಅಮ್ಮ’ ಎಂದರೆ ‘ಅಮ’. ‘ಹೆಣ್ಣು’ ಎಂದರೆ ‘ಹಣು’. ‘ಸೂರ್ಯ’ ಎಂಬುದನ್ನು ಒಂದೇ ಪುಟದಲ್ಲಿ ಮೂರು ತರಹ ಬರೆದಿದ್ದಾನೆ, ಮೂರೂ ತಪ್ಪು. ಪ್ರತಿಯೊಂದರ ಮೇಲೂ ನನ್ನ ಕೆಂಪು ಶಾಯಿಯ ಗೀಟು. ಈಗ ಆ ಪುಟ ನೋಡಿದರೆ ತಪ್ಪುಗಳಿಗೊಂದು ಕ್ರಮ ಇರುವುದು ಕಾಣುತ್ತದೆ. ಅವನಿಗೆ ಒತ್ತಕ್ಷರ ಕೇಳಿಸುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ‘ಸೂರ್ಯ’ದಲ್ಲಿ ಬಾಯಿಗೆ ಮೊದಲು ಬರುವುದು ರಕಾರ, ಬರೆಯುವಾಗ ಅದರ ಅರ್ಕಾವತ್ತು ಯಕಾರದ ಆಚೆ ಹೋಗಿ ಕೂರುತ್ತದೆ. ಈ ತಿರುವು ನಮಗೆಲ್ಲ ಅಭ್ಯಾಸಬಲದಿಂದ ಕಾಣಿಸುವುದೇ ಇಲ್ಲ. ಅವನು ಮಾತ್ರ ಪ್ರತಿ ಸಲವೂ ಅಲ್ಲೇ ಮುಗ್ಗರಿಸುತ್ತಿದ್ದ.

ಇಷ್ಟು ವಿವರ ಹೇಳಲು ಕಾರಣವಿದೆ. ‘ಕನ್ನಡ ಆಡಿದಂತೆ ಬರೆಯುವ ಭಾಷೆ, ಈ ತೊಂದರೆಯೆಲ್ಲ ಇಂಗ್ಲಿಷ್‌ನವರದು’ ಎಂದು ಒಬ್ಬ ಹಿರಿಯ ಅಧಿಕಾರಿ ತುಂಬಿದ ಸಭೆಯಲ್ಲಿ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಡಿಸ್ಲೆಕ್ಸಿಯಾ ಕುರಿತು ನಮಗೆ ಸಿಕ್ಕಿದ್ದು ಒಂದೇ ದಿನದ ತರಬೇತಿ. ಪರದೆಯ ಮೇಲಿನ ಚಿತ್ರಗಳೆಲ್ಲ ಇಂಗ್ಲಿಷಿನವು. ಮಗು ‘ಬಿ’ಯನ್ನು ‘ಡಿ’ ಎಂದು ಬರೆಯುತ್ತದೆಯೇ ನೋಡಿ ಎಂದರು. ನಮ್ಮ ಮಕ್ಕಳು ಎಡವುವುದು ಬೇರೆ ಕಡೆ: ಪ-ಷ-ಫ, ದ-ಧ-ಥ, ಎ-ಏ, ಕೊಂಬು, ದೀರ್ಘ, ಒತ್ತು, ಅರ್ಕಾವತ್ತು. ಕನ್ನಡದ ಅಕ್ಷರಮಾಲೆಯಲ್ಲಿ ಇರುವುದು 49 ಅಕ್ಷರ, ಅಷ್ಟು ಕಲಿತರೆ ಆಯಿತು ಎಂದುಕೊಳ್ಳುತ್ತೇವೆ. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಮೇಲೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ. ಇಂಗ್ಲಿಷ್ ಅಕ್ಷರಗಳಂತೆ ಒಂದು ವರ್ಷದಲ್ಲಿ ಕನ್ನಡದ ಅಕ್ಷರಗಳು ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ. ಇದರಿಂದ ಒಂದು ಎಚ್ಚರಿಕೆಯೂ ಸಿಗುತ್ತದೆ. ಒಂದನೇ ತರಗತಿಯಲ್ಲಿ ತಡವರಿಸಿದ ಮಗುವಿಗೆಲ್ಲ ಹಣೆಪಟ್ಟಿ ಅಂಟಿಸಬಾರದು. ತಾಂಡಾದಿಂದ ಬರುವ ಲಂಬಾಣಿ ಮಗು ಕನ್ನಡ ಕಲಿಯುವುದೇ ಶಾಲೆಯಲ್ಲಿ. ಅದರ ತಡವರಿಕೆ ಬೇರೆ, ನನ್ನ ಹುಡುಗನದು ಬೇರೆ. ಬೀದರ್, ಕಲಬುರಗಿಯ ಉರ್ದು ಶಾಲೆಯ ಮಗು ಬಲದಿಂದ ಎಡಕ್ಕೊಂದು, ಎಡದಿಂದ ಬಲಕ್ಕೆ ಹಲವು ಲಿಪಿಗಳ ನಡುವೆ ಈಜುತ್ತಿರುತ್ತದೆ. ಇವರನ್ನೆಲ್ಲ ಒಂದೇ ಬುಟ್ಟಿಗೆ ಹಾಕದೆ ಬೇರ್ಪಡಿಸಿ ನೋಡಲು ತರಗತಿಯ ಶಿಕ್ಷಕಿಗೆ ಕನ್ನಡದ ಅಳತೆಗೋಲು ಬೇಕು.

ಅಳತೆಗೋಲು ಇಲ್ಲವೆಂದು ಹೇಳಿಕೊಳ್ಳುವಂತೆಯೂ ಇಲ್ಲ. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ, ಡಿಸ್ಲೆಕ್ಸಿಯಾ ಪತ್ತೆಮಾಡುವ ‘ಡಾಲಿ’ ಪರೀಕ್ಷೆಯ ಮೊದಲ ನಾಲ್ಕು ಭಾಷೆಗಳಲ್ಲಿ ಕನ್ನಡವೂ ಒಂದು. ಒಂದು-ಎರಡನೇ ತರಗತಿಗೆ ಒಂದು, ಮೂರರಿಂದ ಐದಕ್ಕೆ ಇನ್ನೊಂದು ಎಂದು ಶಿಕ್ಷಕರೇ ತುಂಬಬಹುದಾದ ತಪಾಸಣಾ ಪಟ್ಟಿಗಳು ಅದರಲ್ಲಿವೆ. ಶಾಲೆಯಲ್ಲೇ ವೈಕಲ್ಯ ಗುರುತಿಸಲು ಎನ್‌ಸಿಇಆರ್‌ಟಿ ಮಾಡಿದ ತಪಾಸಣಾ ಪಟ್ಟಿ ‘ಪ್ರಶಸ್ತ್’ನ ಆ್ಯಪ್ 2022ರಲ್ಲಿ ಬಂತು. ಮಕ್ಕಳ ಆರೋಗ್ಯ ತಪಾಸಣೆಗೆಂದು ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ವೈದ್ಯರ ತಂಡ ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲೂ ಕಲಿಕೆಯ ತೊಂದರೆ ಸೇರಿದೆ. ನನ್ನ ಅಷ್ಟು ವರ್ಷಗಳ ಸೇವೆಯಲ್ಲಿ ಆ ತಂಡ ಹಲ್ಲು, ಕಣ್ಣು, ರಕ್ತಹೀನತೆ ನೋಡಿದ್ದನ್ನು ಕಂಡಿದ್ದೇನೆ, ಅದಕ್ಕೆ ಕೃತಜ್ಞತೆಯೂ ಇದೆ. ‘ಈ ಮಗು ಓದುತ್ತದೆಯೇ’ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಾನೂನಿನ ವಿಷಯಕ್ಕೆ ಬರುತ್ತೇನೆ. 1995ರ ಕಾಯ್ದೆಯಲ್ಲಿದ್ದ ಏಳು ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ಇದನ್ನೂ ಸೇರಿಸಿತು. ಕಾಯ್ದೆ ಜಾರಿಯಾದದ್ದು 2017ರ ಏಪ್ರಿಲ್‌ನಲ್ಲಿ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ 16ನೇ ಸೆಕ್ಷನ್. ಶಾಲಾ ಮಕ್ಕಳ ಸಮೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ಮಾಡಬೇಕು, ಮೊದಲನೆಯದನ್ನು ಕಾಯ್ದೆ ಜಾರಿಯಾದ ಎರಡು ವರ್ಷದೊಳಗೆ ಮಾಡಬೇಕು ಎನ್ನುತ್ತದೆ 17ನೆಯದು. ಅಂದರೆ 2019ರ ಏಪ್ರಿಲ್ ಒಳಗೆ. ನಮ್ಮ ಶಾಲೆಯ ಕಟ್ಟೆ ಹತ್ತಿ ಅಂಥ ಸಮೀಕ್ಷೆ ಮಾಡಿದವರು ಯಾರೂ ಇಲ್ಲ. ಎಣಿಸುವ ಶಕ್ತಿ ಸರ್ಕಾರಕ್ಕಿಲ್ಲ ಎಂದು ಹೇಳಿದರೆ ನಾನು ನಂಬುವುದಿಲ್ಲ. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆಂದು ಇದೇ ಶಿಕ್ಷಕರು ದಸರಾ ರಜೆ ಬಿಟ್ಟು ರಾಜ್ಯದ ಮನೆಮನೆಯ ಬಾಗಿಲು ತಟ್ಟಿದರು. ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿ ನಿಂತವರು ನನ್ನ ಪರಿಚಯದಲ್ಲೇ ಇದ್ದಾರೆ. ಹಾಗೆ ಮನೆಮನೆ ಎಣಿಸಬಲ್ಲ ಶಿಕ್ಷಕಿಗೆ ತನ್ನೆದುರಿಗೇ ಚಾಪೆಯ ಮೇಲೆ ಕೂತ ಮೂವತ್ತು ಮಕ್ಕಳಲ್ಲಿ ಓದಲಾರದವರನ್ನು ಎಣಿಸಲು ಬರುವುದಿಲ್ಲವೇ? ಎಣಿಸು ಎಂದು ಯಾರೂ ಹೇಳಿಲ್ಲ, ಅಷ್ಟೇ.

ಎಣಿಸದಿದ್ದರೆ ಏನಾಗುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಶಾಲೆಗಳಿಗೆ ಹಣ ಒದಗಿಸುವ ಸಮಗ್ರ ಶಿಕ್ಷಣದ ವಾರ್ಷಿಕ ಯೋಜನೆ ನಿಂತಿರುವುದು ಯು-ಡೈಸ್ ಅಂಕಿಗಳ ಮೇಲೆ. ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಲೆಕ್ಕ. ನನ್ನ ಶಾಲೆಯ ಸೊನ್ನೆಯನ್ನು 3,500ರಿಂದ ಗುಣಿಸಿದರೆ ಬರುವುದು ಸೊನ್ನೆ. ಅಕ್ಕಪಕ್ಕದ ಹತ್ತು ಶಾಲೆಯ ಸೊನ್ನೆಗಳನ್ನು ಕೂಡಿಸಿದರೆ ತಾಲ್ಲೂಕಿನಲ್ಲಿ ಈ ಸಮಸ್ಯೆಯೇ ಇಲ್ಲ ಎಂದಾಗುತ್ತದೆ. ಸಮಸ್ಯೆ ಇಲ್ಲದ ಕಡೆ ಹುದ್ದೆ ಏಕೆ, ತರಬೇತಿ ಏಕೆ, ಸಾಮಗ್ರಿ ಏಕೆ? ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಬಿಐಇಆರ್‌ಟಿಗಳು, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು, ಇರುತ್ತಾರೆ. ಮನೆಯಿಂದ ಹೊರಬರಲಾಗದ ಮಕ್ಕಳಿಗೆ ಮನೆಗೇ ಹೋಗಿ ಕಲಿಸುವುದು, ವೈದ್ಯಕೀಯ ಶಿಬಿರ, ಸಾಧನ ಸಲಕರಣೆಗಳ ವಿತರಣೆ ಎಲ್ಲವೂ ಅವರದೇ. ನಮ್ಮ ತಾಲ್ಲೂಕಿನ ಬಿಐಇಆರ್‌ಟಿ ಸ್ಕೂಟರಿನಲ್ಲಿ ದಿನಕ್ಕೆ ಎಷ್ಟು ಊರು ಸುತ್ತುತ್ತಿದ್ದರು ಎಂಬುದನ್ನು ನೋಡಿದ ನನಗೆ ಅವರನ್ನು ದೂರಲು ಬಾಯಿ ಬರುವುದಿಲ್ಲ. ನಡೆದಾಡಿಕೊಂಡು, ಆಡಿಕೊಂಡು, ಬಿಸಿಯೂಟದ ಪಾತ್ರೆ ಹೊತ್ತುಕೊಂಡು ಓಡಾಡುವ ಹುಡುಗ ಅವರ ಪಟ್ಟಿಯಲ್ಲಿ ಕೊನೆಗೆ ಬರುವುದು ಸಹಜ. ವಿಶೇಷ ಶಿಕ್ಷಕರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲೇ ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೊಬ್ಬರು, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೊಬ್ಬರು ಎಂದಿತು. 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಅಧಿಸೂಚಿಸಿ ಎಂದು ಎಲ್ಲ ರಾಜ್ಯಗಳಿಗೂ ಮತ್ತೆ ಹೇಳಬೇಕಾಯಿತು. ಹತ್ತಕ್ಕೊಬ್ಬರು ಸರಿ, ಆ ಹತ್ತು ಯಾರು ಎಂಬುದು ಗೊತ್ತಾಗಬೇಕಲ್ಲ.

ಈಗ ಪ್ರಮಾಣಪತ್ರದ ಕತೆ. ಹುಡುಗ ಹತ್ತನೇ ತರಗತಿಗೆ ಬಂದಾಗ ಅವನ ತಾಯಿ ನನ್ನ ಮನೆಗೆ ಬಂದಿದ್ದರು. ಆಗ ನನಗೆ ನಿವೃತ್ತಿಯಾಗಿತ್ತು. ‘ಅಕ್ಕೋರೇ, ಇವನ ತಲೆಗೆ ವಿದ್ಯೆ ಹತ್ತುವುದಿಲ್ಲ ಎಂದು ನಾವೂ ಬಿಟ್ಟಿದ್ದೆವು. ಹೈಸ್ಕೂಲಿನ ಮೇಷ್ಟ್ರು ಒಂದು ಕಾಗದ ಮಾಡಿಸಿದರೆ ಬರೆಯಲು ಇನ್ನೊಬ್ಬರನ್ನು ಕೊಡುತ್ತಾರೆ ಎಂದರು. ನಿಜವೇ?’ ನಿಜ ಎಂದೆ. ಕಾಗದ ಮಾಡಿಸಲು ಅವರು ಮೂರು ಸಲ ಜಿಲ್ಲಾ ಕೇಂದ್ರಕ್ಕೆ ಹೋದರು. ಮೊದಲ ಸಲ ವೈದ್ಯರು ತರಬೇತಿಗೆ ಹೋಗಿದ್ದರು. ಎರಡನೇ ಸಲ ಕಣ್ಣು, ಕಿವಿ ಪರೀಕ್ಷೆ ಆಯಿತು. ಬುದ್ಧಿಮಟ್ಟದ ಪರೀಕ್ಷೆ ಮಾಡುವ ಮನಶ್ಶಾಸ್ತ್ರಜ್ಞರ ಹುದ್ದೆ ಖಾಲಿ ಇತ್ತು. ಮೂರನೇ ಸಲ ಬೇರೊಂದು ಊರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಒಂದೊಂದು ಸಲಕ್ಕೂ ಬಸ್ ಚಾರ್ಜು, ಎರಡು ಆಳಿನ ಒಂದು ದಿನದ ಕೂಲಿ. ನಾಲ್ಕನೇ ಸಲ ಅವರು ಹೋಗಲಿಲ್ಲ. ನಾನಾದರೂ ಹೋಗುತ್ತಿರಲಿಲ್ಲ.

2018ರ ಜನವರಿಯ ಕೇಂದ್ರ ಮಾರ್ಗಸೂಚಿ ತೆಗೆದು ನೋಡಿ. ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನು ಬಳಸಿ ಮಾಪನ ಮಾಡಬೇಕು, ಪ್ರಮಾಣಪತ್ರ ಎಂಟು ವರ್ಷ ತುಂಬಿದ ಮೇಲೆ, ಮತ್ತೆ ಹದಿನಾಲ್ಕಕ್ಕೆ, ಹದಿನೆಂಟಕ್ಕೆ ಎಂದಿತ್ತು. ಅದಕ್ಕೂ ಮೊದಲ ಹೆಜ್ಜೆಯಾಗಿ ಮೂರನೇ ತರಗತಿಯಲ್ಲಿ ಶಿಕ್ಷಕರೇ ತಪಾಸಣೆ ಮಾಡಬೇಕು ಎಂದೂ ಅದರಲ್ಲಿತ್ತು. ಆ ಮಾರ್ಗಸೂಚಿ ಬಂದ ಒಂಬತ್ತನೇ ತಿಂಗಳಿಗೆ ನಾನು ಸೊನ್ನೆ ಬರೆದೆ. ನನಗೆ ಅದನ್ನು ಯಾರೂ ತೋರಿಸಿರಲಿಲ್ಲ, ನಾನು ಹುಡುಕಿ ಓದಿರಲಿಲ್ಲ.

ಪ್ರಮಾಣಪತ್ರ ಸಿಕ್ಕಿದ್ದರೂ ಏನಾಗುತ್ತಿತ್ತು ಎಂದು ಯೋಚಿಸುತ್ತೇನೆ. ಎಸ್‌ಎಸ್‌ಎಲ್‌ಸಿಯಲ್ಲಿ ಬರಹಗಾರರ ನೆರವು ಸಿಗುತ್ತಿತ್ತು, ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಹೆಚ್ಚಿನ ಸಮಯ ಸಿಗುತ್ತಿತ್ತು. ಹತ್ತು ವರ್ಷ ಒಂದು ಉತ್ತರವನ್ನೂ ಬಾಯಲ್ಲಿ ಹೇಳಿ ಬರೆಸದ ಹುಡುಗ, ಮುಖಪರಿಚಯವಿಲ್ಲದ ಕೆಳಗಿನ ತರಗತಿಯ ಮಗುವಿನ ಪಕ್ಕ ಕೂತು, ಮೂರು ಗಂಟೆ ಏನು ಹೇಳಿ ಬರೆಸುತ್ತಾನೆ? ಹೇಳಿ ಬರೆಸುವುದೂ ಒಂದು ವಿದ್ಯೆ. ಪ್ರಶ್ನೆಯನ್ನು ಕೇಳಿಸಿಕೊಂಡು ಮನಸ್ಸಿನಲ್ಲಿ ಹಿಡಿದಿಡಬೇಕು, ಉತ್ತರವನ್ನು ವಾಕ್ಯವಾಗಿ ಕಟ್ಟಬೇಕು, ಬರೆಯುವವರ ಕೈಯ ವೇಗಕ್ಕೆ ತಕ್ಕಂತೆ ನಿಲ್ಲಿಸುತ್ತ ಹೇಳಬೇಕು, ಬರೆದದ್ದನ್ನು ಓದಿಸಿ ಕೇಳಬೇಕು. ಆರನೇ ತರಗತಿಯ ಕಿರುಪರೀಕ್ಷೆಯಲ್ಲೇ ಇದನ್ನು ರೂಢಿ ಮಾಡಿಸದೆ ಹತ್ತನೆಯದರಲ್ಲಿ ಕೊಟ್ಟರೆ ಅದು ಈಜು ಬಾರದವನಿಗೆ ನಡುಹೊಳೆಯಲ್ಲಿ ಹುಟ್ಟು ಕೊಟ್ಟಂತೆ. ನಮ್ಮ ಸವಲತ್ತುಗಳೆಲ್ಲ ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಶುರುವಾಗುತ್ತವೆ. ಬೇಕಾಗಿದ್ದದ್ದು ಮೂರನೇ ತರಗತಿಯ ಚಾಪೆಯ ಮೇಲೆ. ಬೆಂಗಳೂರಿನ ಖಾಸಗಿ ಶಾಲೆಯ ಮಗುವಿಗೆ ಹಣ ಕೊಟ್ಟು ಪರೀಕ್ಷೆ ಮಾಡಿಸುವ, ಸಂಜೆ ವಿಶೇಷ ಶಿಕ್ಷಕಿಯ ಹತ್ತಿರ ಬಿಡುವ ತಂದೆತಾಯಿ ಇರುತ್ತಾರೆ. ತುಂಗಭದ್ರೆ ದಂಡೆಯ ನಮ್ಮ ಊರಿನ ಮಗುವಿಗೆ ಇರುವುದು ಶಾಲೆಯೊಂದೇ.

ನನ್ನ ಬೇಡಿಕೆ ಮುಖ್ಯವಾಗಿ ಒಂದೇ. ಕಲಿಸುವುದಕ್ಕೂ ಪ್ರಮಾಣಪತ್ರಕ್ಕೂ ಹಾಕಿರುವ ಗಂಟನ್ನು ಬಿಚ್ಚಿ. ಪ್ರಮಾಣಪತ್ರ ಮೀಸಲಾತಿಗೆ ಬೇಕು, ಪರೀಕ್ಷೆಯ ರಿಯಾಯಿತಿಗೆ ಬೇಕು, ಅದು ಇರಲಿ. ಒತ್ತಕ್ಷರವನ್ನು ಬೇರೆ ರೀತಿಯಲ್ಲಿ ಹೇಳಿಕೊಡಲು ವೈದ್ಯರ ಮೊಹರು ಏಕೆ ಬೇಕು? ಮೂರನೇ ತರಗತಿಯ ಆರಂಭದಲ್ಲಿ ಕನ್ನಡದ ತಪಾಸಣಾ ಪಟ್ಟಿ ಶಿಕ್ಷಕಿಯ ಕೈಗೆ ಬರಲಿ, ಅದರಲ್ಲಿ ಸಿಕ್ಕ ಮಕ್ಕಳ ಕಣ್ಣು ಕಿವಿಯನ್ನು ಮೊದಲು ನೋಡಿಸಿ, ಅದೇ ತಿಂಗಳು ದಿನಕ್ಕೆ ಒಂದು ಅವಧಿ ಆ ನಾಲ್ಕೈದು ಮಕ್ಕಳಿಗೆಂದೇ ಎತ್ತಿಡಲಿ. ಯು-ಡೈಸ್‌ನಲ್ಲಿ ‘ಪ್ರಮಾಣಪತ್ರ ಉಳ್ಳವರು’ ಎಂಬುದರ ಪಕ್ಕ ‘ಶಿಕ್ಷಕರು ಗುರುತಿಸಿದವರು’ ಎಂಬ ಇನ್ನೊಂದು ಕಾಲಂ ಬರಲು ದೆಹಲಿಗೆ ಬರೆಯಬೇಕಾದರೆ ಬರೆಯಿರಿ. ಅಲ್ಲಿಯವರೆಗೆ ಮಕ್ಕಳ ವಿವರ ದಾಖಲಿಸುವ ರಾಜ್ಯದ್ದೇ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಾದರೂ ಸೇರಿಸಿ, ಅದು ನಿಮ್ಮ ಕೈಯಲ್ಲೇ ಇದೆ. ಯೋಜನೆ ಆ ಕಾಲಂನಿಂದ ಹೊರಡಲಿ.

ಹೊಸ ಬೋಧನಾ ಕ್ರಮವನ್ನು ಹೊರಗಿನಿಂದ ತರಬೇಕೆಂದೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಸೇರಿ ಕಟ್ಟಿದ, ಮೊದಲ ಮೂರು ತರಗತಿಗಳಲ್ಲಿ ಕಾರ್ಡು, ಚಟುವಟಿಕೆಗಳಿಂದ ಕಲಿಸುವ ನಲಿ-ಕಲಿ ಹೇಳಿದ್ದೇ ಪ್ರತಿ ಮಗುವೂ ತನ್ನ ಏಣಿಯನ್ನು ತನ್ನ ವೇಗದಲ್ಲಿ ಹತ್ತಲಿ ಎಂದು. ನನ್ನ ಹುಡುಗ ನಲಿ-ಕಲಿಯ ಕೊಠಡಿಯಲ್ಲಿ ಸುಖವಾಗಿದ್ದ. ಅವನ ಕಾರ್ಡು ಹಿಂದಿನ ಮೈಲಿಗಲ್ಲಿನಲ್ಲೇ ಇದ್ದರೂ ಯಾರೂ ನಗುತ್ತಿರಲಿಲ್ಲ. ನಾಲ್ಕನೇ ತರಗತಿಗೆ ಕಾಲಿಟ್ಟ ದಿನ ಏಣಿಯನ್ನು ಎತ್ತಿಟ್ಟು ಕೈಗೆ ಪಠ್ಯಪುಸ್ತಕ ಕೊಟ್ಟೆವು. ಏಣಿಯ ಮೇಲಿನ್ನೂ ಅರ್ಧದಲ್ಲಿರುವ ಮಕ್ಕಳಿಗೆ ಅದನ್ನು ನಾಲ್ಕು, ಐದರಲ್ಲೂ ಮುಂದುವರಿಸಲು ಒಂದು ಸುತ್ತೋಲೆ ಸಾಕು. ಕೋವಿಡ್ ನಂತರ ಕಲಿಕಾ ಚೇತರಿಕೆ ಎಂದು ಇಡೀ ರಾಜ್ಯ ಹಿಂದಿನ ತರಗತಿಗಳ ಕಲಿಕೆಗೆ ಮರಳಿತ್ತಲ್ಲ, ಆಗ ಯಾರೂ ಪ್ರಮಾಣಪತ್ರ ಕೇಳಲಿಲ್ಲ.

ಪ್ರಮಾಣಪತ್ರದ ಶಿಬಿರ ತಾಲ್ಲೂಕಿಗೆ ಬರಲಿ, ತಿಂಗಳಿಗೊಮ್ಮೆಯಲ್ಲದಿದ್ದರೆ ಎರಡು ತಿಂಗಳಿಗೊಮ್ಮೆ, ಮನಶ್ಶಾಸ್ತ್ರಜ್ಞರೂ ಮಕ್ಕಳ ವೈದ್ಯರೂ ಒಂದೇ ದಿನ ಕೂರುವಂತೆ. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಮೂರೂ ನಮ್ಮ ರಾಜ್ಯದಲ್ಲೇ ಇವೆ. ಬೇರೆ ರಾಜ್ಯದವರು ಬಂದು ಕಲಿತುಕೊಂಡು ಹೋಗುವ ಸಂಸ್ಥೆಗಳಿರುವ ನಾಡಿನಲ್ಲಿ ತಜ್ಞರನ್ನು ಎಲ್ಲಿಂದ ತರುವುದು ಎಂಬ ಮಾತು ಬರಬಾರದು.

ಇನ್ನೊಂದು ಸಣ್ಣ ಕೋರಿಕೆ. ಜಾಗೃತಿ ಕಾರ್ಯಕ್ರಮಗಳಲ್ಲಿ ಐನ್‌ಸ್ಟೈನ್‌ನ ಚಿತ್ರ ತೋರಿಸುವುದನ್ನು ದಯವಿಟ್ಟು ನಿಲ್ಲಿಸಿ. ನನ್ನ ಹುಡುಗನಲ್ಲಿ ಅಡಗಿದ ಪ್ರತಿಭೆ ಯಾವುದೂ ಇರಲಿಲ್ಲ. ಚಿತ್ರ ಬರೆಯುತ್ತಿರಲಿಲ್ಲ, ಹಾಡುತ್ತಿರಲಿಲ್ಲ, ಕಬಡ್ಡಿಯಲ್ಲೂ ಸಾಧಾರಣ. ಸಾಧಾರಣ ಹುಡುಗನೊಬ್ಬನಿಗೆ ಬಸ್ಸಿನ ಬೋರ್ಡು, ಔಷಧಿಯ ಚೀಟಿ, ಹೊಲದ ಪಹಣಿ ಓದಲು ಬರಬೇಕು. ಅವನಿಗೆ ಸಲ್ಲಬೇಕಾದದ್ದು ಅಷ್ಟು. 2022ರಲ್ಲಿ ಪರೀಕ್ಷೆಗೆ ಕೂತು ನಾಲ್ಕು ವಿಷಯದಲ್ಲಿ ಹೋಯಿತು, ಮತ್ತೆ ಕಟ್ಟಲಿಲ್ಲ. ಈಗ ಕೊಳವೆಬಾವಿ ಲಾರಿಯಲ್ಲಿ ಊರೂರು ತಿರುಗುತ್ತಾನೆ. ಕಳೆದ ಯುಗಾದಿಗೆ ಬಂದಾಗ ಮೊಬೈಲಿನಲ್ಲಿ ಹುಡುಕಬೇಕಾದ ಊರಿನ ಹೆಸರನ್ನು ಬಾಯಲ್ಲಿ ಹೇಳಿದರೆ ಸಾಕು, ಅದೇ ಬರೆದುಕೊಳ್ಳುತ್ತದೆ ಎಂದು ನನಗೆ ತೋರಿಸಿಕೊಟ್ಟ. ‘ಇದು ಆಗ ಇದ್ದಿದ್ದರೆ ನಿಮ್ಮ ಉಕ್ತಲೇಖನ ಬರೆಯುತ್ತಿದ್ದೆ ಅಕ್ಕೋರೇ’ ಎಂದು ನಕ್ಕ. ನನಗೆ ನಗು ಬರಲಿಲ್ಲ.

ಈ ವರ್ಷ ಜೂನ್‌ನಿಂದ ವಾರಕ್ಕೆರಡು ಬೆಳಗ್ಗೆ ನಮ್ಮ ಹಳೆಯ ಶಾಲೆಗೆ ಹೋಗುತ್ತಿದ್ದೇನೆ. ಈಗಿನ ಮುಖ್ಯ ಶಿಕ್ಷಕಿ ಚುರುಕಿನ ಹೆಣ್ಣುಮಗಳು, ಅವರೇ ಕರೆದರು. ಮೂರು, ನಾಲ್ಕನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆವು. ಕಣ್ಣಿನ ತೊಂದರೆಯವರನ್ನು, ಮನೆಮಾತು ಬೇರೆಯಾದವರನ್ನು, ಗುಳೆ ಹೋಗಿ ಬಂದು ಪಾಠ ತಪ್ಪಿಸಿಕೊಂಡವರನ್ನು ಬಿಟ್ಟ ಮೇಲೂ ಆರು ಮಕ್ಕಳು ಉಳಿದರು. ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಒತ್ತಕ್ಷರ ತಿದ್ದಿಸುತ್ತಿದ್ದೇವೆ. ಚಪ್ಪಾಳೆ ತಟ್ಟಿ ‘ಕತ್’ ‘ತೆ’ ಎಂದು ಪದ ಒಡೆಸುತ್ತೇವೆ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಹೋದ ವಾರ ‘ಅಕ್ಕ’ ಎಂದು ಒತ್ತು ಬಿಡದೆ ಬರೆದಳು, ಮರುದಿನ ಮತ್ತೆ ‘ಅಕ’ ಎಂದಳು. ಹೀಗೇ ನಡೆದಿದೆ. ಆರರಲ್ಲಿ ಒಬ್ಬರ ಬಳಿಯೂ ಪ್ರಮಾಣಪತ್ರವಿಲ್ಲ.

ಯು-ಡೈಸ್ ತುಂಬುವ ದಿನ ಹತ್ತಿರ ಬರುತ್ತಿದೆ. ನಿನ್ನೆ ಮುಖ್ಯ ಶಿಕ್ಷಕಿ ಆ ಕಾಲಂ ತೋರಿಸಿ ‘ಏನು ಬರೆಯಲಿ ಮೇಡಂ, ಆರೋ ಸೊನ್ನೆಯೋ’ ಎಂದು ಕೇಳಿದರು. ಆರು ಬರೆಯಿರಿ ಎಂದು ಹೇಳುವ ಅಧಿಕಾರ ನನಗಿಲ್ಲ. ನಾಳೆ ದಾಖಲೆ ಕೇಳಿದರೆ ಉತ್ತರಿಸಬೇಕಾದವರು ಅವರು. ಆದ್ದರಿಂದ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ನಮೂನೆ ಸಲ್ಲಿಸುವ ಕೊನೆಯ ದಿನದೊಳಗೆ ಲಿಖಿತ ಉತ್ತರ ಬಂದರೆ ಉಪಕಾರವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಭಾರ ಮುಖ್ಯ ಶಿಕ್ಷಕಿ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ